ಅಜ್ಜನ ವಿಮಾನದ ಹಸಿರು

ಅಕ್ಕಾ, ನೀಲಿ ಬಣ್ಣ ತರೋಕೆ ಅಂಗಡಿಗೆ ಹೋಗಿದೀನಿ. ಹಾಲು ಕಾಯಿಸಿಟ್ಟಿದೀನಿ, ಕುಡಿ. ಎದ್ದ ತಕ್ಷಣ ಕೈ ಮಾತ್ರ ತೊಳೀಬೇಡ.

ನನ್ನ ಯುದ್ಧವಿಮಾನದ ಮಾಡೆಲ್‌ಗೆ ಸರಿಯಾದ ಹಸಿರು ಒಂದು ತಿಂಗಳಿಂದ ಕೂಡಿಬರ್ತಿರಲಿಲ್ಲ, ನಿಂಗೇ ಗೊತ್ತು. ಅಸಲಿ ವಿಮಾನಕ್ಕೆ ಬಣ್ಣ ಹೊಡೆದಿದ್ದ ಅಜ್ಜ ಬಣ್ಣ ಬೆರೆಸೋ ಅಳತೆ ಹೇಳದೇನೇ ತೀರ್ಕೊಂಡ್ರು. ಇವತ್ತು ಬೆಳಿಗ್ಗೆ ನೋಡಿದ್ರೆ ಬಟ್ಟಲಲ್ಲಿ ಯಾರೋ ಹಸಿರು ಕಲಸಿಟ್ಟಿದಾರೆ. ಅಜ್ಜ ಎತ್ತಿಟ್ಟಿದ್ದ ಆ ವಿಮಾನದ ಹಸಿರು ತಗಡಿನ ಚೂರಿಗೆ ಒಂದು ತೊಟ್ಟು ಹಚ್ಚಿದೆ, ಎಲ್ಲಿ ಹಚ್ಚಿದೆ ಅಂತ ನಂಗೇ ಗೊತ್ತಾಗ್ತಿಲ್ಲ.

ಅಜ್ಜ ಬಣ್ಣ ಪರೀಕ್ಷೆ ಮಾಡ್ತಿದ್ದಿದ್ದು ಎಡಗೈ ಹೆಬ್ಬೆರಳ ಉಗುರಿನ ಮೇಲಲ್ವಾ? ಈಗ ಮಲಗಿರೋ ನಿನ್ನ ಎಡ ಹೆಬ್ಬೆರಳ ಉಗುರಿನ ಮೇಲೆ ಅದೇ ಹಸಿರಿದೆ. ನೀನೋ ಬ್ರಷ್ ಹಿಡಿಯೋಕೂ ಬಾರದವಳು.

ಅಮ್ಮಂಗೆ ಹೇಳ್ಬೇಡ, ಹೆದರ್ಕೋತಾಳೆ. ರೆಕ್ಕೆ ಕೆಳಗಿನ ನೀಲಿ ಇನ್ನೂ ಬಾಕಿ ಇದೆ, ಅದರ ಅಳತೆನೂ ಅಜ್ಜಂಗೆ ಮಾತ್ರ ಗೊತ್ತು. ಮಧ್ಯಾಹ್ನ ಊಟ ಆದ್ಮೇಲೆ ಸ್ವಲ್ಪ ಹೊತ್ತು ಮಲಗ್ತೀಯಾ, ಪ್ಲೀಸ್?