ಯಾರ ಕಡೆಯ ಉಬ್ಬಸ

ಮಾರ್ಚ್ 3, ಸಂಜೆ

ಇಡೀ ದಿನ ಪೈಪೆಟ್. ತೊಂಬತ್ತಾರು ಸ್ಯಾಂಪಲ್. ಮಣಿಕಟ್ಟು ಊದಿದೆ — ಕೆಲಸದಿಂದಲ್ಲ, ನಿನ್ನೆ ಗಂಡ ತಿರುಚಿದ್ದರಿಂದ. ಲ್ಯಾಬಿನಲ್ಲಿ ಕೇಳಿದವರಿಗೆ ಬಾಗಿಲಿಗೆ ಸಿಕ್ಕಿತು ಎಂದೆ. ನಮ್ಮ ಮನೆ ಬಾಗಿಲು ಭಾರಿ ಪುಂಡ.

ಮಗಳಿಗೆ ಉಬ್ಬಸ ಬಂದ ದಿನವೆಲ್ಲ ನನಗೆ ಏಟು. "ನಿಮ್ಮ ಮನೆಯವರ ರೋಗ. ನನ್ನ ಮಗೂಗೆ ಅಂಟಿಸಿದೀಯ." ಅತ್ತೆ ತಲೆ ತಗ್ಗಿಸಿ ಬಟ್ಟೆ ಮಡಚುತ್ತಿರುತ್ತಾರೆ. ಸಿಗರೇಟು ಮಾತ್ರ ಅವನದು, ಅದೂ ಮಗಳ ಕೋಣೆಯಲ್ಲೇ.

ಮಾರ್ಚ್ 9

ಲ್ಯಾಬಿನ ಉಬ್ಬಸದ ಅಧ್ಯಯನಕ್ಕೆ ಅಪ್ಪ-ಅಮ್ಮ-ಮಗು ಮೂವರ ಉಗುಳು ಬೇಕು. ಗಂಡನಿಗೆ ಹೇಳಿದೆ. ಯಾರ ರಕ್ತ ಕೆಟ್ಟಿದೆಯೋ ಗೊತ್ತಾಗಲಿ ಎಂದು ಟ್ಯೂಬ್ ತುಂಬ ಉಗುಳಿದ. ಫಾರಂನಲ್ಲಿ ಅವನು ಹೇಳಿದ್ದನ್ನೇ ಬರೆದೆ: ಎಂದೂ ಉಬ್ಬಸ ಬಂದಿಲ್ಲ. ಟ್ಯೂಬಿನ ಮೇಲೆ ಹೆಸರಿಲ್ಲ, ಬರೀ ನಂಬರ್.

ಮಾರ್ಚ್ 21

ಲ್ಯಾಬಿನ ಮೇಡಂ ಬೈದರು, ನಮ್ಮ ಮೂವರ ನಂಬರ್ ತೋರಿಸಿ. ಟ್ಯೂಬ್ ಅದಲುಬದಲು ಮಾಡಿದ್ದೀಯಾ ಎಂದರು. ಉಬ್ಬಸಕ್ಕೆ ಸಂಬಂಧಿಸಿದ ಜೀನ್ ಮೂವರಲ್ಲೂ ಸರಿಯಾಗಿದೆ. ಅದರ ಪಕ್ಕದಲ್ಲಿ, ಜೀನನ್ನು ಏರಿಸಿ ಇಳಿಸುವ ಡಿಎನ್ಎ ಸ್ವಿಚ್‌ನಲ್ಲಿ ಒಂದೇ ಒಂದು ಅಕ್ಷರ ಬೇರೆ... ಆ ಅಕ್ಷರವಿದ್ದರೆ ಹೊಗೆ ತಾಗಿದಾಗ ಜೀನ್ ಹದ್ದುಮೀರಿ ಕೆಲಸ ಮಾಡುತ್ತದೆ, ಉಬ್ಬಸದ ಅಪಾಯ ಹೆಚ್ಚುತ್ತದೆ. ಮಗಳಲ್ಲಿ ಒಂದು ಪ್ರತಿ. "ಆರೋಗ್ಯವಂತ" ಅಪ್ಪನಲ್ಲಿ ಎರಡು. ಅಮ್ಮನಲ್ಲಿ ಸೊನ್ನೆ.

ಅದಲುಬದಲಾಗಿದೆ ಎಂದೇ ನಾನೂ ನಂಬಿದೆ. ಎಂಟು ವರ್ಷ ಏಟು ತಿಂದ ಮೇಲೆ ತಪ್ಪು ನನ್ನದೇ ಅನಿಸುವುದು ರೂಢಿ. ಮೂರು ಸಲ ಮತ್ತೆ ಮಾಡಿದೆ. ಅದೇ ಬಂತು.

ಮಾರ್ಚ್ 22

ಚಿಕ್ಕಂದಿನಲ್ಲಿ ಅವನಿಗೆ ಉಬ್ಬಸವಿತ್ತೇ ಎಂದು ಅತ್ತೆಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದೆ. ಒಲೆ ಆರಿಸಿದರು. ಆಮೇಲೆ — "ಹತ್ತು ವರ್ಷದ ತನಕ ಇತ್ತಮ್ಮ ಅವನಿಗೆ. ತಾನಾಗೇ ನಿಂತೋಯ್ತು. ಹೇಳಿದ್ರೆ ನನ್ನನ್ನೂ ಹೊಡೀತಾನೆ."

ಮೈ ಉರಿಯಿತು. ಕೈಯಲ್ಲಿದ್ದ ಗಾಜಿನ ಲೋಟ ಗೋಡೆಗೆ ಅಪ್ಪಳಿಸಿದೆ. ಅವರು ಕೂತು ಚೂರು ಆಯತೊಡಗಿದರು. ನಾನೂ ಕೂತು ಆಯ್ದೆ.

ಏಪ್ರಿಲ್ 6

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗಂಡನಿಗೆ ರಿಪೋರ್ಟ್ ತೋರಿಸಿದ್ದೆ. ಪೂರ್ತಿ ಓದಿದ, ಮಡಚಿ ಜೇಬಿಗಿಟ್ಟ. ಆಮೇಲೆ ನನ್ನ ಬಲಗೈ ಹಿಡಿದು ಕಪಾಟಿನ ಬಾಗಿಲಿಗೆ ಸಿಕ್ಕಿಸಿ ಒತ್ತಿದ. ಎರಡು ಬೆರಳು ಮುರಿದಿವೆ. ಈ ಸಲ ನಿಜವಾಗಿಯೂ ಬಾಗಿಲು.

ನಾಳೆ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ.

ಏಪ್ರಿಲ್ 7, ಬೆಳಿಗ್ಗೆ 10

ಬ್ಯಾಗ್ ಕಟ್ಟಿದ್ದು ನೋಡಿಬಿಟ್ಟ. ಮಗಳನ್ನು ಎಳೆದುಕೊಂಡು ಕೋಣೆ ಸೇರಿ ಚಿಲಕ ಹಾಕಿದೆ. ಅಕ್ಕ ಹೊರಟಿದ್ದಾಳೆ, ಇಪ್ಪತ್ತು ನಿಮಿಷ ಅಂದಳು. ಅವನು ಕುರ್ಚಿ ಎತ್ತಿ ಬಾಗಿಲಿಗೆ ಬಡಿಯುತ್ತಿದ್ದಾನೆ. ನೆಲ ತೊಳೆಯುವ ಬ್ಲೀಚ್ ಬಾಟಲಿಗಳನ್ನೂ ಬಾಗಿಲಿಗೇ ಎಸೆದು ಒಡೆದ. ಘಾಟು ಒಳಗೆ ಬರದಂತೆ ಸಂದಿಗೆ ಟವೆಲ್ ತುರುಕಿದೆ, ಕಿಟಕಿ ತೆರೆದೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ, ಮಗಳು ಹೆದರುತ್ತಾಳೆ.

10.15

ಬಡಿತ ನಿಂತಿದೆ. ಈಗ ಬೇರೆ ಸದ್ದು. ಸಿಳ್ಳೆ ಹಾಕಿದಂಥ ಉಸಿರು.

"ಅಮ್ಮ, ಅಪ್ಪನೂ ನನ್ನ ಥರಾನೇ ಉಸಿರಾಡ್ತಿದಾರೆ."

ಪಂಪ್ ಕೊಡಮ್ಮ ಎಂದು ಅತ್ತೆ ಹೊರಗೆ ಅಳುತ್ತಿದ್ದಾರೆ. ಮನೆಯಲ್ಲಿರುವುದು ಮಗಳ ಉಬ್ಬಸದ ಪಂಪ್ ಒಂದೇ. ನನ್ನ ಮುಷ್ಟಿಯಲ್ಲಿದೆ. ನಾಲ್ಕು ಸಲಕ್ಕೆ ಆಗುವಷ್ಟಿತ್ತು, ಎರಡು ಮಗಳಿಗೆ ಕೊಟ್ಟೆ. ಆಂಬುಲೆನ್ಸ್‌ಗೆ ಫೋನ್ ಮಾಡಿದೆ.

ಸಾಯಲಿ ಅನಿಸಿತು. ಬರೆದೇ ಇಡುತ್ತೇನೆ. ಅನಿಸಿತು.

ಚಿಲಕ ತೆಗೆದರೆ ಆ ಗಾಳಿ ಮಗಳ ಎದೆಗೆ. ತೆಗೆಯದಿದ್ದರೆ ಈ ಸದ್ದು ಅವಳ ಕಿವಿಯಲ್ಲಿ, ಜೀವನಪೂರ್ತಿ. ಉಸಿರು ಸಿಗದಾಗ ಹೇಗಿರುತ್ತದೆಂದು ಈ ಕೋಣೆಯಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ. ನನ್ನ ಮುಷ್ಟಿ ಬಿಡಿಸುತ್ತಿದ್ದಾಳೆ, ಒಂದೊಂದೇ ಬೆರಳು, ಮುರಿದದ್ದು ನೋಯದ ಹಾಗೆ... ಪಂಪ್ ತೆಗೆದುಕೊಂಡಳು. ಚಿಲಕದ ಹತ್ತಿರ ಹೋಗಿ ಕೈ ಚಾಚಿದ್ದಾಳೆ —