ಫ್ಯಾನಿನ ಮೇಲಿನ ಹೆಸರು

ಮುರಗೋಡ
12 ಏಪ್ರಿಲ್ 1998

ತೊರಗಲ್ಲಿನ ಸುಂದರವ್ವ ಅಕ್ಕನವರಿಗೆ, ನಿಮ್ಮ ತಂಗಿಯ ಗಂಡ ನಿಜಗುಣಪ್ಪನ ಶರಣಾರ್ಥಿ.

ಅಕ್ಷರ ನೋಡಿದ ಕೂಡಲೇ ಪತ್ರವನ್ನು ಒಲೆಗೆ ಹಾಕಬೇಡಿರಿ. ನಿಮ್ಮ ತಂಗಿಯನ್ನು ಮಣ್ಣು ಮಾಡಿದ ದಿನ ನಮ್ಮ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯದೆ ಹೋದಿರಿ. ಎರಡು ವರ್ಷವಾಯಿತು, ನೀವು ಬರಲಿಲ್ಲ, ನಾನು ಕರೆಯಲಿಲ್ಲ. ಈಗ ಬೇಡಿಕೊಳ್ಳಲು ಬರೆಯುತ್ತಿದ್ದೇನೆ. ಹಣವಲ್ಲ. ನಿಮ್ಮ ತಂಗಿಗೆ ತವರುಮನೆಯಲ್ಲಿ ಇಟ್ಟಿದ್ದ ಹೆಸರು ನನಗೆ ಬೇಕು. ಬಸವ ಜಯಂತಿಗೆ ನಮ್ಮ ಊರಿನ ಹೊಸ ವಾಚನಾಲಯದ ಉದ್ಘಾಟನೆ, ಅದಕ್ಕೂ ಮುಂಚೆ ಬೇಕು.

ಮೂವತ್ತು ವರ್ಷ ಸಂಸಾರ ಮಾಡಿದವನು ಹೆಂಡತಿಯ ಹೆಸರು ಕೇಳುತ್ತಾನಲ್ಲ ಎಂದು ನಗಬೇಡಿರಿ. ಲಗ್ನದ ದಿನ ಪರಾತದಲ್ಲಿ ಅಕ್ಕಿ ಹರವಿ ಉಂಗುರದಿಂದ ‘ರಾಜೇಶ್ವರಿ’ ಎಂದು ಬರೆದವನು ನಾನೇ. ಹೆಸರು ನನ್ನವ್ವ ಆರಿಸಿದ್ದು. ಹಳೆಯ ಹೆಸರು ಹಿಡಿದು ಕರೆಯಬಾರದೆಂದು ನಿಮ್ಮ ಮನೆಯವರಿಗೂ ತಾಕೀತು ಮಾಡಿದಳು. ನನ್ನೆದುರು ನೀವೆಲ್ಲ ‘ತಂಗೀ’ ಎಂದಷ್ಟೇ ಕರೆಯುತ್ತಿದ್ದಿರಿ. ನಾನಂತೂ ಯಾವ ಹೆಸರೂ ಹಿಡಿಯಲಿಲ್ಲ, ‘ಏ, ಇಲ್ಲಿ ಕೇಳ’ ಎಂದರೆ ಬರುತ್ತಿದ್ದಳು. ಲಗ್ನಕ್ಕೆ ಮುಂಚೆ ಒಮ್ಮೆಯಾದರೂ ಆ ಹೆಸರು ಕಿವಿಗೆ ಬಿದ್ದಿರಲೇಬೇಕು. ಧಾರವಾಡದ ಕಾಲೇಜಿನಲ್ಲಿ ಅರ್ಜಿಯ ಕೊನೆಗೆ ಬರೆಯಲು ಕಲಿತ ‘ಐ ಬೆಗ್ ಟು ರಿಮೇನ್’ ಇನ್ನೂ ಬಾಯಲ್ಲಿದೆ, ಆ ಹೆಸರೊಂದು ಇಲ್ಲ.

ಇರಲಿ, ಕಟ್ಟಡದ ಮಾತಿಗೆ ಬರುತ್ತೇನೆ, ಇಲ್ಲದಿದ್ದರೆ ನಿಮಗೆ ತಿಳಿಯುವುದಿಲ್ಲ. ಹಳೆಯ ವಾಚನಾಲಯ ಪಂಚಾಯತಿಯ ಹಿಂದಿನ ಖೋಲಿಯಲ್ಲಿತ್ತು. ಪುಸ್ತಕಗಳಿಗೆಲ್ಲ ಗೆದ್ದಲು ಹತ್ತಿತ್ತು. ಹೊಸದಕ್ಕೆ ಕಮಿಟಿ ಆಯಿತು. ಲಗಮಪ್ಪ ಚೇರಮನ್, ದಿ ಅಂಡರ್‌ಸೈನ್ಡ್, ಅಂದರೆ ನಾನು, ಸೆಕ್ರೆಟರಿ. ಎಂಜಿನಿಯರರ ನಕ್ಷೆಯಲ್ಲಿ ಹೆಂಗಸರ ಕೋಣೆ ಇರಲಿಲ್ಲ, ಹಟ ಹಿಡಿದು ಹಾಕಿಸಿದೆ. ನಿಮ್ಮ ತಂಗಿ ಹಳೆಯ ಖೋಲಿಯ ಮುಂದೆ ಹಾಯುವಾಗ ನಡಿಗೆ ನಿಧಾನ ಮಾಡುತ್ತಿದ್ದಳು, ಒಳಗೆ ಎಂದೂ ಹೋಗಲಿಲ್ಲ.

ಸರ್ಕಾರದ ಗ್ರಾಂಟು ಸ್ಲ್ಯಾಬಿಗೆ ಮುಗಿಯಿತು. ಕುರ್ಚಿ, ಕಪಾಟು, ಫ್ಯಾನು ಏನೂ ಇಲ್ಲ. ದೇಣಿಗೆಯ ಪಾವತಿ ಪುಸ್ತಕ ಹಿಡಿದು ಓಣಿ ಓಣಿ ತಿರುಗಿದೆವು. ‘ಸಾಲಿ ಬಿಟ್ಟ ಮ್ಯಾಲೆ ಮತ್ತ ಪುಸ್ತಕ ಯಾಕ್ರಿ ಸಾಹೇಬ್ರ?’ ಎಂದು ವ್ಯಾಪಾರಸ್ಥರು ಚಹಾ ಕುಡಿಸಿ ಕಳಿಸಿದರು. ಆಗ ನನಗೆ ಹೊಳೆಯಿತು: ಇನ್ ಲವಿಂಗ್ ಮೆಮರಿ! ಕುರ್ಚಿ ಕೊಟ್ಟರೆ ಅದರ ಬೆನ್ನಿಗೆ, ಫ್ಯಾನು ಕೊಟ್ಟರೆ ಅದರ ರೆಕ್ಕೆಗೆ, ತೀರಿಹೋದವರ ಹೆಸರು ಬರೆಸಿಕೊಡುವುದು. ಅಕ್ಕಾ, ಓದುವವರಿಗಾಗಿ ಕೊಡದವರು ಸತ್ತವರಿಗಾಗಿ ಸಾಲುಗಟ್ಟಿದರು. ಅಪ್ಪನ ಹೆಸರಿನ ಕುರ್ಚಿ ಯಾರು ಕೊಡಬೇಕೆಂದು ಅಣ್ಣತಮ್ಮಂದಿರು ಮಾತು ಬಿಟ್ಟರು. ಪೇಂಟರ್ ಕಾಡಪ್ಪ ‘ದಿವಂಗತ, ದಿವಂಗತ’ ಎಂದು ಬರೆದು ಬರೆದು ರೂಢಿಯಾಗಿ, ಜೀವಂತ ಇದ್ದ ಚಹಾದಂಗಡಿಯವನ ಬೋರ್ಡಿಗೂ ಹಾಗೇ ಶುರುಮಾಡಿ ಬೈಸಿಕೊಂಡ.

ಕಾಡಾಟ ಶುರುವಾದದ್ದು ಫ್ಯಾನು ಏರಿಸಿದ ಮೇಲೆ. ತಿರುಗುವಾಗ ಯಾವ ಹೆಸರೂ ಕಾಣುವುದಿಲ್ಲ. ಮಧ್ಯಾಹ್ನ ಕರೆಂಟು ಹೋಗುತ್ತದೆ. ಆಗ ನಿಧಾನವಾಗಿ, ಒಬ್ಬೊಬ್ಬರಾಗಿ, ಊರಿನ ಸತ್ತವರು ತಲೆಯ ಮೇಲೆ ಬಂದು ನಿಲ್ಲುತ್ತಾರೆ. ಮೊದಲ ದಿನ ಲಗಮಪ್ಪ ತನ್ನ ಅಪ್ಪನ ಫ್ಯಾನಿನ ಕೆಳಗೆ ಕುಳಿತಿದ್ದ. ಹೆಸರು ನಿಂತದ್ದೇ ಎದ್ದು ಚಪ್ಪಲಿ ಬಿಟ್ಟ. ‘ತಂಬಾಕದ ವಾಸನಿ ಬಂತಲ್ರಿ, ಅಪ್ಪಂದು’ ಎಂದ. ನನಗೂ ಬಂತು, ಸುಳ್ಳು ಹೇಳುವುದಿಲ್ಲ. ಕಸ ಹೊಡೆಯುತ್ತಿದ್ದ ಬಾಯವ್ವ, ತನ್ನ ಅತ್ತೆ ಶಟ್ಟೆವ್ವನ ಹೆಸರು ನಿಲ್ಲುತ್ತಲೇ ಕಸಬರಿಗೆ ಬಿಸಾಕಿ ಹೊರಗೆ ಓಡಿದಳು. ‘ಇದ್ದಾಗ ತಲಿ ಮ್ಯಾಲೆ ಕುಂತಿದ್ಲು, ಸತ್ತ ಮ್ಯಾಲೆ ತಲಿ ಮ್ಯಾಲೆ ತಿರಗಾಕ ಹತ್ಯಾಳ! ಮೂಲ್ಯಾಗ ಕಸಾ ಉಳದೈತಿ ಅಂದ್ಲು ನೋಡ್ರಿ, ಖರೇನ ಅಂದ್ಲು!’ ಈಗ ಉದ್ಘಾಟನೆಗೂ ಕಾಯದೆ ಮಂದಿ ಕರೆಂಟು ಹೋಗುವ ಹೊತ್ತಿಗೇ ಬರುತ್ತಾರೆ. ಹೆದರುತ್ತಲೇ ಬರುತ್ತಾರೆ, ತಮ್ಮ ತಮ್ಮವರ ಕೆಳಗೆ ಸುಮ್ಮನೆ ಕೂರುತ್ತಾರೆ.

ಹೆಂಗಸರ ಕೋಣೆಯ ಫ್ಯಾನು ನಾನು ಕೊಟ್ಟದ್ದು. ‘ದಿ. ರಾಜೇಶ್ವರಿ’ ಎಂದು ಬರೆಸಿದೆ. ದಿನಾ ಅದರ ಕೆಳಗೆ ಕೂರುತ್ತೇನೆ. ರೆಕ್ಕೆ ನಿಲ್ಲುತ್ತದೆ, ಹೆಸರು ನಿಲ್ಲುತ್ತದೆ. ಯಾರೂ ಬರುವುದಿಲ್ಲ. ಆಚೆಯ ದೊಡ್ಡ ಹಾಲ್‌ನಲ್ಲಿ ಎಲ್ಲರ ಸತ್ತವರೂ ಕಿಕ್ಕಿರಿದಿರುತ್ತಾರೆ; ನನ್ನ ಪಾಲಿಗೆ ಬರಿಯ ಹಸಿ ಸುಣ್ಣದ ವಾಸನೆ.

ಯಾಕೆಂದು ನನಗೆ ಗೊತ್ತು. ಅವಳ ಕಡೆಯ ವಾರ, ಬೈಲಹೊಂಗಲದ ದವಾಖಾನೆಯಲ್ಲಿ ಜ್ವರ ನೆತ್ತಿಗೇರಿದಾಗ ಡಾಕ್ಟರು, ‘ಮಲಗಾಕ ಬಿಡಬ್ಯಾಡ್ರಿ, ಹೆಸರ ಹಿಡದ ಕರೀತಿರ್ರಿ’ ಎಂದರು. ಜನ್ಮದಲ್ಲಿ ಮೊದಲ ಸಲ ‘ರಾಜೇಶ್ವರೀ’ ಎಂದು ಕರೆದೆ. ಕಣ್ಣು ತೆರೆದು, ಪರಕೀಯನಿಗೆ ಹೇಳುವಂತೆ ಮರ್ಯಾದೆಯಿಂದ ಹೇಳಿದಳು: ‘ಅಕಿ ಅಡಗಿಮನ್ಯಾಗ ಅದಾಳ್ರಿ.’ ‘ಹಂಗಾರ ನೀ ಯಾರು?’ ಎಂದೆ. ‘ನಮ್ಮ ಸುಂದ್ರಕ್ಕನ ಕೇಳ್ರಿ’ ಎಂದು ಗೋಡೆಯ ಕಡೆ ಹೊರಳಿದಳು. ಆಮೇಲೆ ಮಾತಾಡಲಿಲ್ಲ.

ಮಣ್ಣಿನ ದಿನ ನೀವು ಆ ಹೆಸರು ಹಿಡಿದೇ ಅತ್ತಿರಂತೆ. ನಾನು ಹೊರಗೆ ಗಂಡಸರ ನಡುವೆ ಇದ್ದೆ, ಕೇಳಿಸಲಿಲ್ಲ. ‘ಆ ಹೆಸರ ಹಿಡೀಬ್ಯಾಡ್ರಿ, ಇಕಿ ಈ ಮನಿ ಸೊಸಿ’ ಎಂದು ನಮ್ಮ ಹೆಂಗಸರು ನಿಮ್ಮ ಬಾಯಿ ಮುಚ್ಚಿಸಿದ್ದು ಆಮೇಲೆ ತಿಳಿಯಿತು. ಈಗ ಅವರನ್ನೇ ಕೇಳಿದರೆ ‘ಮರತೇವಿ’ ಎನ್ನುತ್ತಾರೆ. ಈ ಭೂಮಿಯ ಮೇಲೆ ಅದನ್ನು ಬಲ್ಲವರು ನೀವೊಬ್ಬರೇ ಉಳಿದಿದ್ದೀರಿ.

ನಿನ್ನೆ ಕಾಡಪ್ಪನನ್ನು ಕರೆಸಿ ರೆಕ್ಕೆಯ ಮೇಲಿನ ಹೆಸರು ಒರೆಸಿ ತೆಗೆಸಿದೆ. ‘ಅಕ್ಷರ ಚಂದ ಬಂದಿದ್ವಲ್ರಿ’ ಎಂದು ಮುಖ ಸಣ್ಣ ಮಾಡಿದ. ಲಗಮಪ್ಪನಂತೂ, ‘ಖಾಲಿ ಫ್ಯಾನ ನೋಡಿದವ್ರು ಸೆಕ್ರೆಟರಿ ದುಡ್ಡ ಕೊಟ್ಟಿಲ್ಲ ಅಂತಾರ್ರಿ’ ಎಂದು ಚುಚ್ಚಿದ. ಅನ್ನಲಿ. ಮರುಟಪಾಲಿಗೆ ಹೆಸರು ಬರೆದು ಕಳಿಸಿರಿ, ಕೈಮುಗಿಯುತ್ತೇನೆ.

ನಿಮ್ಮ ಉತ್ತರದ ಹಾದಿ ನೋಡುವ,
ನಿಜಗುಣಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುನ್ನ ಹೊರಗೆ ತೆಗೆದು ಬರೆಯುತ್ತಿದ್ದೇನೆ. ಹೆಸರು ಬರೆದು ಕಳಿಸಬೇಡಿರಿ. ಸಿಕ್ಕರೆ ನಾನು ಕರೆದೇ ಬಿಡುತ್ತೇನೆ; ನನ್ನ ದನಿ ಕೇಳಿದರೆ ಅವಳು ಮತ್ತೆ ನನ್ನ ಮನೆಯವಳಾಗಿಯೇ ಎದ್ದು ಬರುತ್ತಾಳೆ, ತಲೆಯ ಮೇಲೆ ಸೆರಗು ಹೊದ್ದು, ‘ಏನ ಬೇಕಾಗಿತ್ರಿ?’ ಎಂದು. ನೀವೇ ಬರ್ರಿ. ಹೆಂಗಸರ ಕೋಣೆಯ ಬಾಗಿಲು ಹಾಕಿಕೊಂಡು ನೀವೇ ಕರೆಯಿರಿ. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಒಳಗೆ ನೀವಿಬ್ಬರೂ ನಕ್ಕದ್ದು ಕೇಳಿಸಿದರೆ ನನಗೆ ಅಷ್ಟು ಸಾಕು.