ರಾಗ ಏಳದ ಪ್ರಸಂಗ

ಕೇನ್ ಕ್ರೀಕ್, ಅಲಬಾಮಾ
೯ ಮಾರ್ಚ್ ೧೯೮೭, ಸೋಮವಾರ

ಮಗಳು ವರ್ನೆಲ್‌ಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ನಿನ್ನ ಕಾಗದಗಳೆಲ್ಲ ಬಂದಿವೆ. ಉತ್ತರ ತಡವಾಯಿತು, ಕ್ಷಮಿಸು. ಅಂಚೆಯವರ ತಪ್ಪೇನಿಲ್ಲ, ನನಗೇ ಬರೆಯುವ ಮನಸ್ಸಿರಲಿಲ್ಲ. ಫೋನಿಗೆ ಯಾಕೆ ಬರುತ್ತಿಲ್ಲ ಎಂದು ಕೇಳಿದ್ದೀಯ. ಫೋನಿನಲ್ಲಿ ನೀನು ಅಳುತ್ತೀಯ, ಕಾಗದದಲ್ಲಾದರೆ ನನ್ನ ಮಾತು ಪೂರ್ತಿಯಾಗುತ್ತದೆ.

ನಿನ್ನ ಅಮ್ಮನ ಮೊಣಕಾಲು ನೋವು ಹಾಗೆಯೇ ಇದೆ. ಆದರೂ ಸಭೆಯ ಊಟಕ್ಕೆ ಸಿಹಿಗೆಣಸಿನ ಪೈ ಮಾಡುವುದನ್ನು ಬಿಟ್ಟಿಲ್ಲ. ಕ್ಲೀಟಸ್ ಚರ್ಚಿನ ಆರ್ಗನ್ನಿಗೆ ಹೊಸ ಸ್ಪೀಕರ್ ಹಾಕಿಸಿದ್ದಾನೆ. ಈಗ ಅವನು ಬೆರಳಿಟ್ಟರೆ ಹೆದ್ದಾರಿಯ ತನಕ ಕೇಳುತ್ತದೆ.

ಇನ್ನು ನಿನ್ನ ಪ್ರಶ್ನೆ. ಅಕ್ಟೋಬರಿನಲ್ಲಿ ನೀನು ನಮ್ಮ ಪೀಠದಿಂದ ಪರೀಕ್ಷಾ ಪ್ರಸಂಗ ಮಾಡಿದೆ, ಬೋಧಕಿಯೆಂಬ ಪತ್ರಕ್ಕೆ ನಾನು ಇನ್ನೂ ಯಾಕೆ ಸಹಿ ಹಾಕಿಲ್ಲ ಎಂದು ತಾನೆ? ಹೆಣ್ಣೆಂದು ತಡೆದೆ ಅಂದುಕೊಂಡಿದ್ದೀಯ. ಹಾಗಿದ್ದರೆ ಪೀಠಕ್ಕೆ ಹತ್ತಲೂ ಬಿಡುತ್ತಿರಲಿಲ್ಲ. ನಿನಗೆ ಪ್ರಸಂಗ ಮಾಡಲು ಬರುವುದಿಲ್ಲ, ಅಷ್ಟೇ.

ಅಂದು ನೀನು ನನ್ನ ಕಪ್ಪು ನಿಲುವಂಗಿ ಕೇಳಿದೆ, ನಾನು ಕೊಡಲಿಲ್ಲ. ಅಷ್ಟುದ್ದದ್ದು ಕೊಟ್ಟಿದ್ದರೆ ನಿನ್ನ ಕಾಲಿಗೆ ಸಿಕ್ಕಿ ಬೀಳುತ್ತಿದ್ದೆ. ಕಂದು ಕೋಟು ತೊಟ್ಟು ಬಂದೆ, ಬ್ಯಾಂಕಿನ ಗುಮಾಸ್ತೆಯ ಹಾಗೆ. ಬೈಬಲಿನಲ್ಲಿ ಮನೆಯಿಂದ ಹೊರದಬ್ಬಿಸಿಕೊಂಡ ದಾಸಿ ಹಾಗರಳ ಕಥೆ ಎತ್ತಿಕೊಂಡೆ. ಮರಳುಗಾಡು, ನೀರು ಮುಗಿದ ತಿತ್ತಿ, ಪೊದೆಯ ಕೆಳಗೆ ಸಾಯಲು ಬಿಟ್ಟ ಮಗು. ನನ್ನ ಕೈಗೆ ಅದು ಸಿಕ್ಕಿದ್ದರೆ ಛಾವಣಿ ಹಾರಿಸುತ್ತಿದ್ದೆ. ದೇವರು ಅವಳಿಗೆ ಬಾವಿ ತೋರಿಸುವ ಹೊತ್ತಿಗೆ ಮಾತು ರಾಗವಾಗಿ ಏಳಬೇಕು, ಕ್ಲೀಟಸ್ ಅದನ್ನು ಹಿಡಿಯಬೇಕು, ಜನ ಎದ್ದು ನಿಲ್ಲಬೇಕು. ನೀನು ಮಾಡಿದ್ದೇನು? ಅಡುಗೆಮನೆಯಲ್ಲಿ ಪಕ್ಕದ ಮನೆಯವಳಿಗೆ ಹೇಳುವ ಹಾಗೆ ಹೇಳುತ್ತಾ ಹೋದೆ. ಕ್ಲೀಟಸ್ ಎರಡು ಸಲ ಸ್ವರ ಕೊಟ್ಟ, ನೀನು ಹತ್ತಲೇ ಇಲ್ಲ. ಕೊನೆಗೆ ಅವನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಆಗ ನಿನ್ನ ಬೆನ್ನ ಹಿಂದಿನಿಂದ ಆ ಮಾತು ಬಂತು: "ಕರ್ತನೇ, ಅವಳಿಗೆ ಸಹಾಯ ಮಾಡಪ್ಪಾ." ಅದನ್ನು ಯಾರಿಗೆ, ಯಾವಾಗ ಹೇಳುತ್ತಾರೆ ಎಂದು ನಿನಗೆ ಗೊತ್ತು. ಪ್ರಸಂಗ ಮುಳುಗುವಾಗ ಹೇಳುತ್ತಾರೆ. ಕೇಳಲು ಪ್ರಾರ್ಥನೆ, ಆದರೆ ಬೋಧಕನಿಗೆ ಅದಕ್ಕಿಂತ ದೊಡ್ಡ ಕಪಾಳಮೋಕ್ಷವಿಲ್ಲ. ಯಾರು ಹೇಳಿದರು ಎಂದು ಅಮ್ಮನನ್ನು ಕೇಳಿದೆಯಂತೆ. ಪೀಠದ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದವನು ನಾನೊಬ್ಬನೇ. ನಾನೇ ಹೇಳಿದೆ, ಇನ್ನೊಮ್ಮೆ ಹಾಗೆ ಮಾಡಿದರೂ ಹೇಳುತ್ತೇನೆ.

ಮುಂದಿನ ಸಾಲಿನಲ್ಲಿ ಸಭೆಯ ಹಿರಿಯಜ್ಜಿ ಮದರ್ ಲೂವೀನಿಯಾ ಸದ್ದಿಲ್ಲದೆ ಕಣ್ಣೊರೆಸಿಕೊಂಡಳು ಎಂದು ನೀನು ಬರೆದಿದ್ದೀಯ. ಅವಳಿಗೆ ಕಣ್ಣಿನ ಪೊರೆ ಇದೆ, ಮಗಳೇ. ವರ್ಷವಿಡೀ ನೀರು ಸುರಿಯುತ್ತದೆ.

ಈಗ ನಮ್ಮ ಸಭೆಯ ಡೀಕನ್ ಪೆಟ್ವೇಗೂ ಹುಚ್ಚು ಹಿಡಿದಿದೆ. ಮೊನ್ನೆ ಜಗುಲಿಗೆ ಬಂದು, ಟೋಪಿ ತಿರುವುತ್ತಾ, ಈಸ್ಟರಿಗೆ ವರ್ನೆಲ್‌ಳನ್ನು ಕರೆಸೋಣ ಅಂದ. ರಾಗ ಬಾರದವಳನ್ನು ಕರೆಸಿ ಜನರನ್ನು ಮಲಗಿಸುತ್ತೀಯಾ ಎಂದು ಕೇಳಿದೆ. ಅವನು ತಲೆ ಎತ್ತಲಿಲ್ಲ.

"ರೆವರೆಂಡ್, ಇಷ್ಟು ವರ್ಷ ನೀವು ರಾಗ ಎತ್ತಿದಾಗೆಲ್ಲ ನಾನು ಎದ್ದು ಕುಣಿದಿದೀನಿ. ಕುಣಿದು ಮನೆಗ್ ಹೋಗಿ ತಮ್ಮನ ಜೊತೆ ಮಾತು ಬಿಟ್ಟೋನು ಬಿಟ್ಟೋನಾಗೇ ಇದ್ದೆ. ನಿಮ್ಮ ಮಗಳು ಮಾತಾಡಿದ ದಿನ ನಾನು ಕುಣೀಲಿಲ್ಲ. ಸಾಯಂಕಾಲ ಗಾಡಿ ತಗೊಂಡು ತಮ್ಮನ ಮನೆಗ್ ಹೋದೆ."

ತಮ್ಮನನ್ನು ನೋಡಲು ಪೆಟ್ರೋಲ್ ಸಾಕು, ಪ್ರಸಂಗ ಬೇಕಿಲ್ಲ ಎಂದೆ. ಅವನಿಗೆ ನಗು ಬರಲಿಲ್ಲ.

ಅವನ ಆಹ್ವಾನ ನಿನ್ನ ಕೈ ಸೇರಬಹುದು. ಒಪ್ಪಬೇಡ. ಷಿಕಾಗೋದಲ್ಲಿ ಪಾಠ ಹೇಳಿಕೊಂಡು ಇರು, ಅದು ನಿನಗೆ ಬರುತ್ತದೆ. ನಿನ್ನ ಅಜ್ಜ ನಿಂತ ಪೀಠ ಅದು, ನಾನು ನಿಂತ ಪೀಠ. ಅಲ್ಲಿ ಪಿಸುಮಾತಿಗೆ ನಾನು ಬದುಕಿರುವವರೆಗೂ ಎಡೆ ಕೊಡುವುದಿಲ್ಲ.

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹೋಗುವಾಗಲೂ ಬರುವಾಗಲೂ ಕರ್ತನು ನಿನ್ನನ್ನು ಕಾಯಲಿ.

ನಿನ್ನ ತಂದೆ,
ರೆವರೆಂಡ್ ಹೋಸಿಯಾ ಟಿಲ್ಲರಿ

ಮರೆತ ಮಾತು: ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನನ್ನ ಗಂಟಲಲ್ಲಿ ಗಡ್ಡೆ ಇದೆ. ಅದನ್ನು ತೆಗೆದರೆ ಸ್ವರವೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಫೋನಿಗೆ ಬರದಿದ್ದುದು ಅದಕ್ಕೇ. ನಿನ್ನೆ ಪೀಠದಲ್ಲಿ ರಾಗ ಎತ್ತಲು ಹೋದೆ, ಬರೀ ಗಾಳಿ ಬಂತು. ಇನ್ನೊಮ್ಮೆ ಎತ್ತಿದೆ. ಕ್ಲೀಟಸ್ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಗ ಮುಂದಿನ ಸಾಲಿನಿಂದ ನಿನ್ನ ಅಮ್ಮ ನನ್ನ ಮುಖ ನೋಡುತ್ತಾ, "ಕರ್ತನೇ, ಅವರಿಗೆ ಸಹಾಯ ಮಾಡಪ್ಪಾ" ಅಂದಳು. ಮದುವೆಯಾದಾಗಿನಿಂದ ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಅದು ಪ್ರಾರ್ಥನೆಯೋ, ಅಕ್ಟೋಬರಿನ ಸೇಡೋ ಎಂದು ಕೇಳೋಣವೆಂದರೆ ನನಗೆ ಸ್ವರವಿರಲಿಲ್ಲ.

ಈಗ ಎದುರಿಗೇ ಕುಳಿತು ನನ್ನ ಕಪ್ಪು ನಿಲುವಂಗಿಯ ಅಂಚು ಬಿಚ್ಚಿ, ಒಂದು ಗೇಣು ಮೇಲಕ್ಕೆ ಮಡಿಚಿ ಹೊಲಿಯುತ್ತಿದ್ದಾಳೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ.